ಓದುಗರ ಪ್ರಶ್ನೆ, ನಮ್ಮ ಉತ್ತರ: ಕರಡು ನಿಯಮಕ್ಕೆ ಬರೆದ ಆಕ್ಷೇಪಣೆ ಎಲ್ಲಿಗೆ ಹೋಗುತ್ತದೆ?

ಸರ್ಕಾರವು ಹೊರಡಿಸುವ ಕರಡು ನಿಯಮಗಳಿಗೆ ಜನಸಾಮಾನ್ಯರು ಆನ್‌ಲೈನ್‌ನಲ್ಲಿ ಆಕ್ಷೇಪಣೆ, ಸಲಹೆ ಸಲ್ಲಿಸುವ ವಿಚಾರವಾಗಿ ಇತ್ತೀಚೆಗೆ ಹಲವು ಓದುಗರು ಪತ್ರ ಬರೆದಿದ್ದಾರೆ. ಊರು, ಉದ್ಯೋಗ ಬೇರೆ ಬೇರೆಯಾದರೂ ಎಲ್ಲರನ್ನೂ ಕಾಡುತ್ತಿರುವ ಸಂಗತಿ ಒಂದೇ ಆದುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾವು ಶಿರಸಿ ಸೀಮೆಯ ಅಡಿಕೆ ಬೆಳೆಗಾರರು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯಲ್ಲಿ ನಮ್ಮ ಊರಿನ ಹೆಸರಿದೆ ಎಂಬುದು 2024ರಲ್ಲಿ ವಾಟ್ಸಾಪ್‌ನಲ್ಲಿ ಬಂದ ಒಂದು ಪಿಡಿಎಫ್‌ನಿಂದ ತಿಳಿಯಿತು. ಮಗನಿಂದ ಬರೆಸಿ ಇಮೇಲ್ ಮಾಡಿಸಿದೆ. ತಲುಪಿತೆಂದು ಒಂದು ಸಾಲೂ ಬರಲಿಲ್ಲ. 2014ರಲ್ಲಿಯೂ ಹೀಗೆಯೇ ಬರೆದಿದ್ದೆವು. ಇಂಥ ಪತ್ರಗಳನ್ನು ಯಾರಾದರೂ ಓದುತ್ತಾರೆಯೇ? ಮುಂದೆ ಬರೆಯುವುದಾದರೆ ಹೇಗೆ ಬರೆಯಬೇಕು?

ಉತ್ತರ: ಪಶ್ಚಿಮ ಘಟ್ಟದ ಕರಡು ಮೊದಲು ಪ್ರಕಟವಾದದ್ದು 2014ರ ಮಾರ್ಚ್ 10ರಂದು. ಆಮೇಲೆ 2015, 2017, 2018 ಮತ್ತು 2022ರಲ್ಲಿ ಮತ್ತೆ ಮತ್ತೆ ಹೊರಟು, 2024ರ ಜುಲೈ 31ರಂದು ಆರನೆಯ ಸಲ ಪ್ರಕಟವಾಯಿತು. ಆರು ರಾಜ್ಯಗಳಿಗೆ ಸೇರಿದ 56,825 ಚದರ ಕಿಲೋಮೀಟರ್ ಪ್ರದೇಶದಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಅಂದರೆ ಎಲ್ಲಕ್ಕಿಂತ ದೊಡ್ಡ ಪಾಲು ನಮ್ಮದೇ. ಪ್ರತಿ ಸಲವೂ ಆಕ್ಷೇಪಣೆಗೆ 60 ದಿನಗಳ ಅವಕಾಶವಿತ್ತು. 1986ರ ಪರಿಸರ ಸಂರಕ್ಷಣಾ ನಿಯಮಗಳ 5ನೆಯ ನಿಯಮದಂತೆ, ಬಂದ ಆಕ್ಷೇಪಣೆಗಳನ್ನು ಕೇಂದ್ರ ಸರ್ಕಾರ ಪರಿಗಣಿಸಬೇಕು ಮತ್ತು ಗೊತ್ತುಪಡಿಸಿದ ದಿನಗಳೊಳಗೆ ಅಂತಿಮ ಅಧಿಸೂಚನೆ ಹೊರಡಿಸಬೇಕು. ಅದು ಆಗದಿದ್ದರೆ ಕರಡು ಬಿದ್ದುಹೋಗುತ್ತದೆ, ಹೊಸದನ್ನು ಪ್ರಕಟಿಸಬೇಕಾಗುತ್ತದೆ. ಹಾಗಾಗಿ ನೀವು 2014ರಲ್ಲಿ ಬರೆದ ಪತ್ರ ಆ ಕರಡಿನ ಕಡತಕ್ಕೆ ಸೇರಿದ್ದು. ಅದು ಹೊಸ ಕರಡಿಗೆ ತಾನಾಗಿ ಲಗತ್ತಾಗುತ್ತದೆಂದು ನಂಬದೆ ಪ್ರತಿ ಸಲವೂ ಹೊಸದಾಗಿ ಕಳುಹಿಸುವುದೇ ಕ್ಷೇಮ. ಹತ್ತು ವರ್ಷಗಳಲ್ಲಿ ಆರು ಸಲ ಅದೇ ಅಹವಾಲನ್ನು ಬರೆಯಬೇಕಾಗಿ ಬಂದ ರೈತನಿಗೆ ಬೇಸರವಾಗುವುದು ಸಹಜ, ಮತ್ತು ಆ ಬೇಸರದಲ್ಲಿ ಅವನದೇನೂ ತಪ್ಪಿಲ್ಲ.

ನಿಯಮದಲ್ಲಿರುವ ‘ಪರಿಗಣಿಸು’ ಎಂಬ ಕ್ರಿಯಾಪದವನ್ನು ಗಮನಿಸಿ. ಓದಿದೆವೆಂದು ತಿಳಿಸು, ಒಪ್ಪಿದ್ದನ್ನು ಹೇಳು, ಒಪ್ಪದಿದ್ದರೆ ಕಾರಣ ಕೊಡು ಎಂಬುದು ಅದರಲ್ಲಿಲ್ಲ. ನಿಮ್ಮ ಪತ್ರಕ್ಕೆ ಮೌನವೇ ಉತ್ತರವಾದದ್ದಕ್ಕೆ ಮೂಲ ಇಲ್ಲಿದೆ. ಇಮೇಲ್ ವಿಳಾಸವೊಂದನ್ನು ಕೊಟ್ಟ ಮಾತ್ರಕ್ಕೆ ಜನರ ಪಾಲ್ಗೊಳ್ಳುವಿಕೆ ಸುಧಾರಿಸುವುದಿಲ್ಲ. ಅಂಚೆಪೆಟ್ಟಿಗೆಯ ಜಾಗ ಬದಲಾಗುತ್ತದೆ ಅಷ್ಟೆ. ಈ ಅಂಕಣದ ಉಳಿದ ಉತ್ತರಗಳಲ್ಲಿಯೂ ನಾನು ಮತ್ತೆ ಮತ್ತೆ ಈ ಮಾತಿಗೇ ಬರುತ್ತೇನೆ.

ಇನ್ನು ಬರೆಯುವ ಬಗೆ. ‘ನಮ್ಮ ಊರನ್ನು ಪಟ್ಟಿಯಿಂದ ಕೈಬಿಡಿ’ ಎಂಬ ಒಂದು ಸಾಲು ಅಧಿಕಾರಿಯ ಮೇಜಿನ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅದೇ ಪತ್ರದಲ್ಲಿ ಕರಡಿನ ಅಧಿಸೂಚನೆ ಸಂಖ್ಯೆ, ದಿನಾಂಕ, ಅನುಬಂಧದಲ್ಲಿ ನಿಮ್ಮ ಕಂದಾಯ ಗ್ರಾಮವಿರುವ ಕ್ರಮಸಂಖ್ಯೆ ಇರಲಿ. ಪಶ್ಚಿಮ ಘಟ್ಟದ ಅಧ್ಯಯನಕ್ಕೆಂದು ಕೇಂದ್ರ ನೇಮಿಸಿದ್ದ ಕಸ್ತೂರಿರಂಗನ್ ಸಮಿತಿಯು ಉಪಗ್ರಹ ಚಿತ್ರಗಳನ್ನು ಆಧರಿಸಿ, ಗ್ರಾಮದ ವಿಸ್ತೀರ್ಣದಲ್ಲಿ ಶೇಕಡಾ 20 ಅಥವಾ ಅದಕ್ಕಿಂತ ಹೆಚ್ಚು ಭಾಗ ಪರಿಸರ ಸೂಕ್ಷ್ಮವಾಗಿದ್ದರೆ ಆ ಗ್ರಾಮವನ್ನು ಪಟ್ಟಿಗೆ ಸೇರಿಸಿತು. ನಿಮ್ಮ ಊರಿನಲ್ಲಿ ತೋಟ ಎಷ್ಟು, ಗದ್ದೆ ಎಷ್ಟು, ಸೊಪ್ಪಿನಬೆಟ್ಟ ಎಷ್ಟು, ಮೀಸಲು ಅರಣ್ಯ ಎಷ್ಟು ಎಂಬುದನ್ನು ಪಹಣಿ ಮತ್ತು ಗ್ರಾಮನಕ್ಷೆಯ ಆಧಾರದಿಂದ ಬರೆದರೆ ಆ ಶೇಕಡಾ 20ರ ಲೆಕ್ಕವನ್ನೇ ಪ್ರಶ್ನಿಸಿದಂತಾಗುತ್ತದೆ. ದೆಹಲಿಯಲ್ಲಿ ಕುಳಿತವರಿಗೆ ಬೆಟ್ಟ ಎಂದರೆ ಗುಡ್ಡ. ಅದು ತಲೆಮಾರುಗಳಿಂದ ತೋಟಕ್ಕೆ ಸೊಪ್ಪು ಒದಗಿಸುವ ಜಾಗ ಎಂಬುದನ್ನು ನೀವೇ ಹೇಳಬೇಕು.

ಹಾಗೆಯೇ ಕರಡು ಯಾವುದನ್ನು ನಿಷೇಧಿಸುತ್ತದೆ ಎಂಬುದನ್ನು ಓದಿಕೊಂಡು ಬರೆಯಿರಿ. ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ (ಅಂದರೆ ಹೆಚ್ಚು ಮಾಲಿನ್ಯ ಮಾಡುವ) ಕೈಗಾರಿಕೆ, 20,000 ಚದರ ಮೀಟರ್ ಮತ್ತು ಅದಕ್ಕಿಂತ ಮೇಲ್ಪಟ್ಟ ಕಟ್ಟಡಗಳು ಆ ಪಟ್ಟಿಯಲ್ಲಿವೆ. ಅಡಿಕೆ ತೋಟ ಅದರಲ್ಲಿಲ್ಲ. ಇಲ್ಲದ ನಿಷೇಧವನ್ನು ವಿರೋಧಿಸಿ ಬರೆದ ಪತ್ರವನ್ನು ಬದಿಗಿಡುವುದು ಯಾವ ಅಧಿಕಾರಿಗಾದರೂ ಸುಲಭ. ಇಮೇಲ್ ಜೊತೆಗೆ ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿಯೂ ಕಳುಹಿಸಿ, ರಸೀದಿಯನ್ನು ಜೋಪಾನವಾಗಿಡಿ. ಎರಡು ಮೂರು ತಿಂಗಳಾದ ಮೇಲೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ, ನಿಮ್ಮ ಪತ್ರ ಯಾವ ಕಡತದಲ್ಲಿದೆ, ಅದರ ಮೇಲೆ ಏನು ಷರಾ ಬರೆಯಲಾಗಿದೆ ಎಂದು ಕೇಳಿ. ಕಡತದ ಮೇಲಿನ ಷರಾ ಕೇಳುವವರಿದ್ದಾರೆ ಎಂದು ಗೊತ್ತಾದಾಗ ಓದುವ ರೀತಿಯೇ ಬದಲಾಗುತ್ತದೆ.

ಪ್ರಶ್ನೆ: ಕೇಂದ್ರದ ಕರಡುಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬರುತ್ತವೆ. ನಾವು ಕನ್ನಡದಲ್ಲಿ ಬರೆದು ಕಳುಹಿಸಿದರೆ ಸ್ವೀಕರಿಸಲೇಬೇಕೆ? (ಹಾಸನದ ಓದುಗರು)

ಉತ್ತರ: ಧೈರ್ಯವಾಗಿ ಕನ್ನಡದಲ್ಲಿ ಬರೆಯಿರಿ. ಸಂವಿಧಾನದ 350ನೆಯ ಅನುಚ್ಛೇದದ ಪ್ರಕಾರ ಯಾವುದೇ ವ್ಯಕ್ತಿ ತನ್ನ ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದು. ಪತ್ರದ ತಲೆಯಲ್ಲಿಯೇ ಈ ಅನುಚ್ಛೇದವನ್ನು ಉಲ್ಲೇಖಿಸುವುದು ಒಳ್ಳೆಯದು.

ಕರಡೇ ಕನ್ನಡದಲ್ಲಿ ಬರಬೇಕೆಂಬುದಕ್ಕೆ, ಗಣಿ, ಕಾರ್ಖಾನೆಗಳಂಥ ಯೋಜನೆಗಳಿಗೆ ಪರಿಸರ ಅನುಮತಿ ಕೊಡುವ ಬಗೆಯನ್ನು ಹೇಳುವ 2020ರ ಪರಿಸರ ಪರಿಣಾಮ ಅಂದಾಜು ಕರಡಿನ, ಅಂದರೆ ಇಐಎ ಕರಡಿನ ಪ್ರಕರಣ ನೆನಪಿನಲ್ಲಿರಬೇಕು. ದೇಶವೆಲ್ಲ ಲಾಕ್‌ಡೌನ್‌ನಲ್ಲಿದ್ದಾಗ ಆ ಕರಡು ರಾಜಪತ್ರದಲ್ಲಿ ಪ್ರಕಟವಾಯಿತು. ಅದನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಿಗೆ ಹತ್ತು ದಿನಗಳಲ್ಲಿ ಅನುವಾದಿಸಬೇಕೆಂದೂ ಆಕ್ಷೇಪಣೆಯ ಅವಧಿಯನ್ನು ಆಗಸ್ಟ್ 11ರವರೆಗೆ ವಿಸ್ತರಿಸಬೇಕೆಂದೂ ದೆಹಲಿ ಹೈಕೋರ್ಟ್ ಜೂನ್ 30ರಂದು ಆದೇಶಿಸಿತು. ಸ್ಥಳೀಯ ಭಾಷೆಗಳಲ್ಲಿ ಸಾಕಷ್ಟು ಪ್ರಚಾರ ಕೊಟ್ಟಿಲ್ಲವೆಂಬ ಅರ್ಜಿಯ ಮೇಲೆ ನಮ್ಮ ಕರ್ನಾಟಕ ಹೈಕೋರ್ಟ್ ಆಗಸ್ಟ್ 5ರಂದು, ಅಂತಿಮ ಅಧಿಸೂಚನೆಯನ್ನು ಸದ್ಯಕ್ಕೆ ಪ್ರಕಟಿಸಬಾರದೆಂದು ಮಧ್ಯಂತರ ಆದೇಶ ನೀಡಿತು. ಅದಿರು ಲಾರಿಯ ಧೂಳು ಯಾರ ಮನೆಯ ಅಂಗಳಕ್ಕೆ ಬೀಳುತ್ತದೋ ಅವರಿಗೆ ಅರ್ಥವಾಗದ ಭಾಷೆಯಲ್ಲಿ ಅವರ ಅಭಿಪ್ರಾಯ ಕೇಳುವುದು ಕೇಳಿದಂತೆಯೇ ಅಲ್ಲ ಎಂಬ ಸರಳ ಮಾತನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿ ಹೇಳಿಸಬೇಕಾಯಿತು.

ಪ್ರಶ್ನೆ: ನಾನು ತುಮಕೂರು ಜಿಲ್ಲೆಯಲ್ಲಿ ಶಿಕ್ಷಕ. ವರ್ಗಾವಣೆ, ನೇಮಕಾತಿ ನಿಯಮಗಳ ಕರಡು ಬಂದು ಅವಧಿ ಮುಗಿದ ಮೇಲೆಯೇ ನಮಗೆ ಸುದ್ದಿ ತಲುಪುತ್ತದೆ. ಎಲ್ಲಿ ನೋಡಬೇಕು?

ಉತ್ತರ: ಕರ್ನಾಟಕ ರಾಜ್ಯಪತ್ರದಲ್ಲಿ. ಇದು ಪ್ರತಿ ಗುರುವಾರ ಹೊರಡುತ್ತದೆ. ಆದರೆ ಕರಡು ನಿಯಮಗಳು ಹೆಚ್ಚಾಗಿ ಯಾವ ದಿನ ಬೇಕಾದರೂ ಬರಬಹುದಾದ ವಿಶೇಷ ರಾಜ್ಯಪತ್ರದ ಭಾಗ 4ಎಯಲ್ಲಿ ಪ್ರಕಟವಾಗುವುದರಿಂದ ಗುರುವಾರ ಮಾತ್ರ ನೋಡಿದರೆ ಸಾಲದು. ಇ-ರಾಜ್ಯಪತ್ರ ಜಾಲತಾಣದಲ್ಲಿ ದಿನಾಂಕವಾರು ಪ್ರತಿಗಳು ಸಿಗುತ್ತವೆ. ಕರಡಿನ ಮೊದಲ ಪ್ಯಾರಾವನ್ನು ನೀವು ನೋಡಿರಬಹುದು: ಇದರಿಂದ ಬಾಧಿತರಾಗುವ ಸಂಭವವಿರುವ ಎಲ್ಲ ವ್ಯಕ್ತಿಗಳ ಮಾಹಿತಿಗಾಗಿ ಪ್ರಕಟಿಸಲಾಗಿದೆ, ಹದಿನೈದೋ ಮೂವತ್ತೋ ದಿನಗಳ ತರುವಾಯ ಕರಡನ್ನು ಪರಿಶೀಲನೆಗೆ ತೆಗೆದುಕೊಳ್ಳಲಾಗುವುದು, ಆ ಅವಧಿಯೊಳಗೆ ಬಂದ ಆಕ್ಷೇಪಣೆ ಅಥವಾ ಸಲಹೆಗಳನ್ನು ಪರಿಗಣಿಸಲಾಗುವುದು ಎಂಬ ಒಕ್ಕಣೆ. ಕೊನೆಗೆ ವಿಧಾನಸೌಧ ಅಥವಾ ಬಹುಮಹಡಿ ಕಟ್ಟಡದ ಒಂದು ಕೊಠಡಿಯ ವಿಳಾಸ. ದಿನಗಳು ನಿಮಗೆ ಸುದ್ದಿ ತಲುಪಿದಾಗಿನಿಂದಲ್ಲ, ರಾಜ್ಯಪತ್ರದಲ್ಲಿ ಪ್ರಕಟವಾದ ದಿನದಿಂದ ಲೆಕ್ಕಕ್ಕೆ ಬರುತ್ತವೆ.

ಇಲ್ಲಿ ಒಂದು ತೊಡಕನ್ನು ಹೇಳಲೇಬೇಕು. ಹಲವು ಕಚೇರಿಗಳಲ್ಲಿ ಕಡತಗಳನ್ನು ಇನ್ನೂ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡುತ್ತಾರೆ. ಕೆಲವನ್ನು ಸಹಿ ಮಾಡಿದ ಕಾಗದದಿಂದ ಸ್ಕ್ಯಾನ್ ಮಾಡಿ ಏರಿಸುತ್ತಾರೆ. ಕಣ್ಣಿಗೆ ಅದು ಚೆಂದದ ಕನ್ನಡ. ಆದರೆ ಹುಡುಕುವ ಪೆಟ್ಟಿಗೆಯಲ್ಲಿ ‘ವರ್ಗಾವಣೆ’ ಎಂದು ಕೊಟ್ಟರೆ ಏನೂ ಸಿಗುವುದಿಲ್ಲ, ಒಂದು ಸಾಲನ್ನು ನಕಲು ಮಾಡಿ ಅಂಟಿಸಿದರೆ ಲ್ಯಾಟಿನ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು ಬರುತ್ತದೆ. ಕುರುಡರು ಬಳಸುವ, ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದು ಕನ್ನಡವಲ್ಲ. ಕರಡುಗಳನ್ನು ಯೂನಿಕೋಡ್‌ನಲ್ಲಿಯೇ ಪ್ರಕಟಿಸಬೇಕೆಂದು ಒತ್ತಾಯಿಸುವುದು ಚಿಕ್ಕ ಬೇಡಿಕೆಯೆಂದು ಯಾರೂ ತಿಳಿಯಬಾರದು. ಹುಡುಕಿದರೆ ಸಿಗದ ಕರಡು ಪ್ರಕಟವಾದರೂ ಜನರಿಗೆ ತಲುಪಿದಂತಾಗುವುದಿಲ್ಲ.

ಪ್ರಶ್ನೆ: ಸಂಘಸಂಸ್ಥೆಗಳು ಒಂದು ಲಿಂಕ್ ಕಳುಹಿಸುತ್ತವೆ. ಒತ್ತಿದರೆ ಸಿದ್ಧ ಪತ್ರ ನಮ್ಮ ಹೆಸರಿನಲ್ಲಿ ಹೋಗುತ್ತದೆ. ಲಕ್ಷ ಜನ ಕಳುಹಿಸಿದರೆ ಸರ್ಕಾರ ಕೇಳಲೇಬೇಕಲ್ಲವೇ? (ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ)

ಉತ್ತರ: ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಿದರೆ ತಪ್ಪಾಗುತ್ತದೆ, ಏಕೆಂದರೆ ನಮ್ಮ ದೇಶದಲ್ಲಿಯೇ ಎರಡಕ್ಕೂ ಪುರಾವೆಯಿದೆ.

2015ರ ಮಾರ್ಚ್ 27ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಅಂದರೆ ಟ್ರಾಯ್, ಅಂತರ್ಜಾಲ ಸೇವೆಗಳ ಬಗ್ಗೆ 118 ಪುಟಗಳ ಸಮಾಲೋಚನಾ ಪತ್ರವನ್ನು ಹೊರಡಿಸಿ 20 ಪ್ರಶ್ನೆಗಳನ್ನು ಕೇಳಿತು. ಅಂತರ್ಜಾಲದಲ್ಲಿ ಎಲ್ಲ ತಾಣಗಳಿಗೂ ಸಮಾನ ದಾರಿ ಇರಬೇಕೆಂದು ವಾದಿಸಿದ ಸ್ವಯಂಸೇವಕರು ಆ ಪತ್ರವನ್ನು ಸಾಮಾನ್ಯರಿಗೆ ತಿಳಿಯುವಂತೆ ಬಿಡಿಸಿ, ಪ್ರಶ್ನೆಗಳಿಗೆ ಉತ್ತರದ ಮಾದರಿ ಸಿದ್ಧಪಡಿಸಿದರು. ಒಂದು ತಿಂಗಳೊಳಗೆ ಹತ್ತು ಲಕ್ಷಕ್ಕಿಂತ ಹೆಚ್ಚು ಇಮೇಲ್‌ಗಳು ಹೋದವು. ಅಲ್ಲಿಯವರೆಗೆ ಕಂಪನಿಗಳ ವಕೀಲರು ಮಾತ್ರ ಓದುತ್ತಿದ್ದ ವಿಷಯ ಸಂಸತ್ತಿನ ಚರ್ಚೆಗೆ ಬಂದಿತು. ಸಂಖ್ಯೆಗೆ ಅಷ್ಟು ಶಕ್ತಿಯಿತ್ತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಟ್ರಾಯ್ ಮತ್ತೊಂದು ಪತ್ರ ಹೊರಡಿಸಿ, ಡೇಟಾಗೆ ಬೇರೆ ಬೇರೆ ದರ ವಿಧಿಸಬಹುದೇ ಎಂದು ನಾಲ್ಕು ಪ್ರಶ್ನೆಗಳನ್ನು ಕೇಳಿತು. ಈ ಸಲ ಫೇಸ್‌ಬುಕ್, ಆಯ್ದ ಕೆಲವು ತಾಣಗಳನ್ನು ಮಾತ್ರ ಉಚಿತವಾಗಿ ತೋರಿಸುವ ತನ್ನ ಫ್ರೀ ಬೇಸಿಕ್ಸ್ ಯೋಜನೆಯ ಪರವಾಗಿ ಬಳಕೆದಾರರಿಂದ ಲಕ್ಷಗಟ್ಟಲೆ ಸಿದ್ಧ ಸಂದೇಶಗಳನ್ನು ಕಳುಹಿಸಿತು. ಆ ಸಂದೇಶಗಳಲ್ಲಿ ಯೋಜನೆಗೆ ಬೆಂಬಲವಿತ್ತು, ಕೇಳಿದ ನಾಲ್ಕು ಪ್ರಶ್ನೆಗಳಿಗೆ ಉತ್ತರವಿರಲಿಲ್ಲ. ಟ್ರಾಯ್ ಅದನ್ನು ನೇರವಾಗಿಯೇ ಎತ್ತಿ ತೋರಿಸಿತು. 2016ರ ಫೆಬ್ರುವರಿ 8ರಂದು ಹೊರಟ ನಿಯಮಾವಳಿ ತಾರತಮ್ಯದ ದರವನ್ನು ನಿಷೇಧಿಸಿತು. ಇದು ಮತ ಎಣಿಕೆಯಲ್ಲ ಎಂಬುದು ಅಲ್ಲಿ ಸ್ಪಷ್ಟವಾಯಿತು. ಹೆಚ್ಚು ಪತ್ರ ಯಾರದೋ ಅವರದೇ ಗೆಲುವು ಎಂದಾದರೆ ಹೆಚ್ಚು ಹಣ ಯಾರದೋ ಅವರದೇ ಗೆಲುವಾಗುತ್ತದೆ.

ಅಮೆರಿಕದಲ್ಲಿ 2017ರಲ್ಲಿ ಇದೇ ವಿಷಯದ ಮೇಲೆ ಅಲ್ಲಿನ ಸಂಪರ್ಕ ಆಯೋಗಕ್ಕೆ ಸುಮಾರು 2.2 ಕೋಟಿ ಅಭಿಪ್ರಾಯಗಳು ಬಂದವು. ಅವುಗಳಲ್ಲಿ ಸುಮಾರು 1.8 ಕೋಟಿ ನಕಲಿ ಎಂದು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ 2021ರಲ್ಲಿ ವರದಿ ಮಾಡಿತು. ಬ್ರಾಡ್‌ಬ್ಯಾಂಡ್ ಕಂಪನಿಗಳ ಹಣದಿಂದ ನಡೆದ ಪ್ರಚಾರದಲ್ಲಿ ಜನರ ಒಪ್ಪಿಗೆಯಿಲ್ಲದೆ ಅವರ ಹೆಸರಿನಲ್ಲಿ 85 ಲಕ್ಷ ಪತ್ರಗಳು ಸಲ್ಲಿಕೆಯಾಗಿದ್ದವು. ಎದುರಿನ ಪಕ್ಷದ ಪರವಾಗಿ 19 ವರ್ಷದ ಒಬ್ಬನೇ ವಿದ್ಯಾರ್ಥಿ ಯಂತ್ರದ ನೆರವಿನಿಂದ 77 ಲಕ್ಷ ಪತ್ರಗಳನ್ನು ಸಲ್ಲಿಸಿದ್ದ. ಇಂದು ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಒಂದೇ ವಾದವನ್ನು ಸಾವಿರ ಬೇರೆ ಬೇರೆ ಒಕ್ಕಣೆಗಳಲ್ಲಿ ಬರೆಸಬಹುದಾದ್ದರಿಂದ ನಕಲಿಯನ್ನು ಗುರುತಿಸುವುದು ಇನ್ನೂ ಕಷ್ಟ.

ಆದುದರಿಂದ ಲಿಂಕ್ ಒತ್ತಬೇಡಿ ಎನ್ನುವುದಿಲ್ಲ. ಒತ್ತುವ ಮುನ್ನ ಸಿದ್ಧ ಪತ್ರದ ತಲೆಯಲ್ಲಿ ನಿಮ್ಮದೇ ನಾಲ್ಕು ಸಾಲು ಸೇರಿಸಿ: ನೀವು ಯಾರು, ಈ ನಿಯಮ ನಿಮ್ಮ ದಿನನಿತ್ಯದಲ್ಲಿ ಎಲ್ಲಿ ತಾಗುತ್ತದೆ, ಯಾವ ಉಪನಿಯಮದಲ್ಲಿ ಯಾವ ಪದ ಬದಲಾಗಬೇಕು. ಇನ್ನೊಂದು ಮಾತು. 2020ರ ಇಐಎ ಕರಡಿಗೆ ಇಮೇಲ್ ಕಳುಹಿಸಲು ನೆರವಾದ ಯುವಜನರ ಜಾಲತಾಣವೊಂದಕ್ಕೆ ಸಂಬಂಧಿಸಿ ದೆಹಲಿ ಪೊಲೀಸರು ಭಯೋತ್ಪಾದನೆ ತಡೆ ಕಾಯ್ದೆಯ ಹೆಸರಿನಲ್ಲಿ ನೋಟಿಸ್ ನೀಡಿ, ಬಳಿಕ ಅದನ್ನು ಹಿಂತೆಗೆದುಕೊಂಡರು. ಸರ್ಕಾರವೇ ಕರೆದ ಸಮಾಲೋಚನೆಯಲ್ಲಿ ಜನ ಹೆಚ್ಚಾಗಿ ಬರೆದರೆ ಅದು ಅಪರಾಧವಾಗಬಾರದು. ಪತ್ರಗಳ ರಾಶಿಯನ್ನು ವಿಂಗಡಿಸಿ ವಾದಗಳನ್ನು ಬೇರ್ಪಡಿಸುವುದು ಇಲಾಖೆಯ ಕೆಲಸ. ಅದಕ್ಕೆ ಬೇಕಾದ ಸಿಬ್ಬಂದಿಯನ್ನೂ ತಂತ್ರಾಂಶವನ್ನೂ ಇಲಾಖೆಯೇ ಒದಗಿಸಿಕೊಳ್ಳಬೇಕು.

ಪ್ರಶ್ನೆ: ಆಕ್ಷೇಪಣೆ ಬರೆದರೆ ನಮ್ಮ ಹೆಸರು, ವಿಳಾಸ ಎಲ್ಲರಿಗೂ ಕಾಣುತ್ತದೆಯೇ? (ಮೈಸೂರಿನ ಗೃಹಿಣಿ)

ಉತ್ತರ: ಒಂದೊಂದು ಕಡೆ ಒಂದೊಂದು ರೀತಿ. 2015ರಲ್ಲಿ ಟ್ರಾಯ್ ತನಗೆ ಬಂದ ಇಮೇಲ್‌ಗಳನ್ನು ಕಳುಹಿಸಿದವರ ಇಮೇಲ್ ವಿಳಾಸಗಳ ಸಮೇತ ತಾಣದಲ್ಲಿ ಹಾಕಿ ಲಕ್ಷಾಂತರ ಜನರನ್ನು ಸ್ಪ್ಯಾಮ್ ಕಳುಹಿಸುವವರ ಕೈಗೆ ಸಿಗುವಂತೆ ಮಾಡಿತು. ಅದಕ್ಕೆ ತದ್ವಿರುದ್ಧವಾಗಿ, 2025ರ ಜನವರಿ 3ರಂದು ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ನಿಯಮಗಳ ಕರಡನ್ನು ಪ್ರಕಟಿಸಿದಾಗ, ಕೇಂದ್ರ ಸರ್ಕಾರ ಜನಾಭಿಪ್ರಾಯ ಪಡೆಯುವ ಮೈಗವ್ ತಾಣದ ಮೂಲಕ ಬಂದ ಅಭಿಪ್ರಾಯಗಳನ್ನು ಯಾರಿಗೂ ತೋರಿಸುವುದಿಲ್ಲವೆಂದು ಸಚಿವಾಲಯ ಮೊದಲೇ ಹೇಳಿತು. ನವೆಂಬರ್‌ನಲ್ಲಿ ನಿಯಮಗಳು ಅಂತಿಮವಾದಾಗ, ಯಾವ ಕಂಪನಿ ಯಾವ ಬದಲಾವಣೆ ಕೇಳಿತ್ತು ಎಂಬುದು ನಾಗರಿಕರಿಗೆ ಕಾಣಲಿಲ್ಲ. ಮೊದಲನೆಯದರಲ್ಲಿ ಮರೆಮಾಡಬೇಕಾದದ್ದನ್ನು ತೆರೆದಿಟ್ಟರು, ಎರಡನೆಯದರಲ್ಲಿ ತೆರೆದಿಡಬೇಕಾದದ್ದನ್ನು ಮರೆಮಾಡಿದರು. ವ್ಯಕ್ತಿಗಳ ಇಮೇಲ್, ಫೋನ್, ವಿಳಾಸ ಮುಚ್ಚಿರಲಿ. ಕಂಪನಿ ಮತ್ತು ಸಂಘಸಂಸ್ಥೆಗಳ ಹೆಸರು ತೆರೆದಿರಲಿ. ವಾದಗಳು ಯಾರದೇ ಆದರೂ ಎಲ್ಲರಿಗೂ ಕಾಣಲಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಧಾರವಾಡದ ಕಾನೂನು ವಿದ್ಯಾರ್ಥಿನಿ ನಾನು. ಜನರ ಆಕ್ಷೇಪಣೆಗೆ ಉತ್ತರಿಸಲೇಬೇಕೆಂಬ ಕಾನೂನು ಭಾರತದಲ್ಲಿ ಇದೆಯೇ?

ಉತ್ತರ: ಎಲ್ಲ ನಿಯಮಗಳಿಗೂ ಅನ್ವಯಿಸುವಂಥ ಕಾನೂನು ಇಲ್ಲ. 1897ರ ಜನರಲ್ ಕ್ಲಾಸಸ್ ಕಾಯ್ದೆಯ 23ನೆಯ ಪ್ರಕರಣ, ಮೂಲ ಕಾಯ್ದೆಯಲ್ಲಿ ‘ಪೂರ್ವಪ್ರಕಟಣೆಗೆ ಒಳಪಟ್ಟು’ ಎಂಬ ಷರತ್ತಿದ್ದರೆ ಮಾತ್ರ ಕರಡನ್ನು ಪ್ರಕಟಿಸಿ ಆಕ್ಷೇಪಣೆಗಳನ್ನು ಪರಿಗಣಿಸಬೇಕೆನ್ನುತ್ತದೆ. ಅಂಥ ಷರತ್ತಿಲ್ಲದ ಕಾಯ್ದೆಯಡಿ ನಿಯಮ ನೇರವಾಗಿ ಅಂತಿಮ ರೂಪದಲ್ಲಿಯೇ ಬರಬಹುದು. 2014ರ ಆರಂಭದಲ್ಲಿ ಕೇಂದ್ರವು ಶಾಸನಪೂರ್ವ ಸಮಾಲೋಚನಾ ನೀತಿಯನ್ನು ಒಪ್ಪಿ, ಕನಿಷ್ಠ 30 ದಿನ ಕರಡನ್ನು ಜನರ ಮುಂದಿಡಬೇಕು, ಬಂದ ಅಭಿಪ್ರಾಯಗಳ ಸಾರಾಂಶವನ್ನು ತಾಣದಲ್ಲಿ ಹಾಕಬೇಕು ಎಂದಿತು. ಅದು ನೀತಿಯೇ ಹೊರತು ಕಾಯ್ದೆಯಲ್ಲ. ಪಾಲಿಸದಿದ್ದರೆ ನಿಯಮವೇನೂ ರದ್ದಾಗುವುದಿಲ್ಲ.

ನೀವು ಓದಲೇಬೇಕಾದ ತೀರ್ಪು 2016ರ ಮೇ 11ರದು. ಮಾತಿನ ನಡುವೆ ಕರೆ ಕಡಿತವಾದರೆ ಗ್ರಾಹಕನಿಗೆ ಒಂದು ರೂಪಾಯಿ, ದಿನಕ್ಕೆ ಹೆಚ್ಚೆಂದರೆ ಮೂರು ರೂಪಾಯಿ ಪರಿಹಾರ ಕೊಡಬೇಕೆಂಬ ಟ್ರಾಯ್ ನಿಯಮಾವಳಿಯನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ನಿಯಮಾವಳಿಯನ್ನು ರೂಪಿಸಿದ ರೀತಿಯಲ್ಲಿ ಕಾಯ್ದೆ ಬಯಸುವ ಪಾರದರ್ಶಕತೆ ಇರಲಿಲ್ಲವೆಂಬುದು ಒಂದು ಕಾರಣವಾಗಿತ್ತು. ಅಮೆರಿಕದ 1946ರ ಆಡಳಿತ ಪ್ರಕ್ರಿಯಾ ಕಾಯ್ದೆಯ ಮಾದರಿಯಲ್ಲಿ, ಅಧೀನ ಶಾಸನಗಳಿಗೆ, ಅಂದರೆ ಕಾಯ್ದೆಯಡಿ ಮಾಡುವ ನಿಯಮಗಳಿಗೆ, ಮುನ್ನ ಜನರ ಅಭಿಪ್ರಾಯ ಕೇಳಿ ಕಾರಣ ನೀಡುವ ಕಾನೂನನ್ನು ಸಂಸತ್ತು ತರುವುದು ಒಳಿತೆಂದು ನ್ಯಾಯಾಲಯ ಅದೇ ತೀರ್ಪಿನಲ್ಲಿ ಹೇಳಿತು. ಆ ಕಾಯ್ದೆಯ ಬಲದಿಂದಲೇ ಅಮೆರಿಕದ ನ್ಯಾಯಾಲಯಗಳು, ಮುಖ್ಯವಾದ ಆಕ್ಷೇಪಣೆಗೆ ಉತ್ತರಿಸದೆ ಮಾಡಿದ ನಿಯಮವನ್ನು ಹಿಂದಕ್ಕೆ ಕಳುಹಿಸುತ್ತವೆ. ಸದ್ಯಕ್ಕೆ ನಮ್ಮ ಕೈಯಲ್ಲಿರುವುದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಪ್ರಕರಣ. ಜನರಿಗೆ ತಾಗುವ ಮುಖ್ಯ ನೀತಿಗಳ ಎಲ್ಲ ಸಂಗತಿಗಳನ್ನೂ ಪ್ರಕಟಿಸಬೇಕು, ಬಾಧಿತರಿಗೆ ನಿರ್ಧಾರದ ಕಾರಣ ತಿಳಿಸಬೇಕು, ಪ್ರಚಾರ ಮಾಡುವಾಗ ಸ್ಥಳೀಯ ಭಾಷೆಯನ್ನು ಗಮನಿಸಬೇಕು ಎಂಬುದೆಲ್ಲ ಅದರಲ್ಲಿದೆ. ಅದನ್ನು ಇಟ್ಟುಕೊಂಡು ವಾದ ಕಟ್ಟುವ ವಕೀಲರು ಬೇಕಾಗಿದ್ದಾರೆ. ನೀವು ಅವರಲ್ಲಿ ಒಬ್ಬರಾಗಬಹುದು.

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಸ್ವಸಹಾಯ ಸಂಘ. ಹದಿನಾಲ್ಕು ಮಂದಿಯಲ್ಲಿ ಸ್ಮಾರ್ಟ್‌ಫೋನ್ ಇರುವುದು ಐವರಿಗೆ. ಎಲ್ಲವೂ ಆನ್‌ಲೈನ್ ಆದರೆ ನಮ್ಮಂಥವರ ಮಾತು ಯಾರಿಗೆ ಕೇಳುತ್ತದೆ?

ಉತ್ತರ: ಅಕ್ಕ, ಈ ಕಂತಿನಲ್ಲಿ ನಾನು ಬಹಳ ಹೊತ್ತು ಯೋಚಿಸಿದ್ದು ನಿಮ್ಮ ಪತ್ರದ ಬಗ್ಗೆಯೇ. ಆನ್‌ಲೈನ್ ವ್ಯವಸ್ಥೆಯನ್ನು ಸುಧಾರಿಸುವುದೆಂದರೆ ಅದಕ್ಕೆ ಹಲವು ಬಾಗಿಲುಗಳನ್ನು ಇಡುವುದು ಎಂದು ನಾನು ತಿಳಿದಿದ್ದೇನೆ. ಗ್ರಾಮ ಒನ್ ಕೇಂದ್ರದಲ್ಲಿ ಪಹಣಿ, ಜಾತಿ ಪ್ರಮಾಣಪತ್ರ ಸಿಗುವಂತೆ ಕರಡು ನಿಯಮದ ಕನ್ನಡ ಸಾರಾಂಶವೂ ಸಿಗಬೇಕು; ಬಾಯಿಮಾತಿನಲ್ಲಿ ಹೇಳಿದ್ದನ್ನು ಅಲ್ಲಿನವರು ಬರೆದುಕೊಂಡು, ಓದಿ ಹೇಳಿ, ನೋಂದಣಿ ಸಂಖ್ಯೆಯುಳ್ಳ ಚೀಟಿ ಕೊಡಬೇಕು. ಅದು ಬರುವವರೆಗೆ ನಿಮ್ಮ ಕೈಯಲ್ಲಿ ಗ್ರಾಮಸಭೆಯಿದೆ. ಸಭೆಯಲ್ಲಿ ಠರಾವು ಮಾಡಿಸಿ, ಪಿಡಿಒ ಸಹಿಯೊಂದಿಗೆ ಅದನ್ನು ಇಲಾಖೆಗೆ ಕಳುಹಿಸಿದರೆ ಹದಿನಾಲ್ಕು ಮಂದಿಯ ಮಾತು ಊರಿನ ಮಾತಾಗುತ್ತದೆ.

ಜನರ ಮಾತು ಕೇಳಿ ಉತ್ತರ ಬರೆಯುವ ಪದ್ಧತಿ ಕರ್ನಾಟಕದಲ್ಲಿ ಇಲ್ಲವೇ ಇಲ್ಲವೆಂದು ತಿಳಿಯಬೇಡಿ. ವಿದ್ಯುತ್ ದರ ಏರಿಸಲು ಎಸ್ಕಾಂಗಳು, ಅಂದರೆ ವಿದ್ಯುತ್ ಸರಬರಾಜು ಕಂಪನಿಗಳು, ಅರ್ಜಿ ಹಾಕಿದಾಗ, 2003ರ ವಿದ್ಯುತ್ ಕಾಯ್ದೆಯ 64ನೆಯ ಪ್ರಕರಣದಂತೆ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗವು ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿ 120 ದಿನಗಳೊಳಗೆ ಆದೇಶ ಹೊರಡಿಸಬೇಕು. ಅರ್ಜಿಯ ಸಾರಾಂಶ ಪತ್ರಿಕೆಗಳಲ್ಲಿ ಬರುತ್ತದೆ, ಬಹಿರಂಗ ವಿಚಾರಣೆ ನಡೆಯುತ್ತದೆ. ನಿಮ್ಮ ಭಾಗಕ್ಕೆ ಸೇರಿದ ಜೆಸ್ಕಾಂನ ಕೇಂದ್ರ ಕಛೇರಿ ಕಲಬುರಗಿಯಲ್ಲಿದೆ. ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟು ವಾರವಾದರೂ ಬದಲಿಸಲಿಲ್ಲ, ಪಂಪ್‌ಸೆಟ್‌ಗೆ ರಾತ್ರಿ ಹೊತ್ತಿನಲ್ಲಿ ಕರೆಂಟ್ ಕೊಟ್ಟರೆ ಹಾವು ಚೇಳುಗಳ ನಡುವೆ ನೀರು ಹಾಯಿಸಬೇಕು ಎಂದು ಹಸಿರು ಶಾಲಿನ ರೈತರು ಆಯೋಗದ ಎದುರಿಗೆ ನಿಂತು ಕನ್ನಡದಲ್ಲಿಯೇ ಹೇಳುತ್ತಾರೆ. ಬಳಿಕ ಬರುವ ದರ ಆದೇಶದಲ್ಲಿ ಆಕ್ಷೇಪಣೆ ಇದು, ಅದಕ್ಕೆ ಎಸ್ಕಾಂ ಕೊಟ್ಟ ಉತ್ತರ ಇದು, ಆಯೋಗದ ಅಭಿಪ್ರಾಯ ಇದು ಎಂದು ಮೂರನ್ನೂ ಮುದ್ರಿಸುತ್ತಾರೆ. ಆ ಆದೇಶಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದು ದೊಡ್ಡ ಕೊರತೆ. ಆದರೂ ತನ್ನ ಮಾತು ಎಲ್ಲಿಗೆ ತಲುಪಿತು, ಏಕೆ ಒಪ್ಪಿತವಾಗಲಿಲ್ಲ ಎಂಬುದನ್ನು ರೈತ ಪುಟ ತೆರೆದು ನೋಡಬಹುದು. ನಾನು ಕಂಡಂತೆ ರಾಜ್ಯದಲ್ಲಿ ಇದಕ್ಕಿಂತ ಒಳ್ಳೆಯ ಮಾದರಿ ಬೇರೆ ಇಲ್ಲ.

ಪ್ರಶ್ನೆ: ಹಾಗಾದರೆ ರಾಜ್ಯ ಸರ್ಕಾರದಿಂದ ನಾವು ಕೇಳಬೇಕಾದದ್ದೇನು? (ಶಿವಮೊಗ್ಗದ ನಿವೃತ್ತ ಬ್ಯಾಂಕ್ ನೌಕರರು)

ಉತ್ತರ: ಮೊದಲನೆಯದಾಗಿ ದಿನಗಳು. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಮಸೂದೆಯ ಕರಡನ್ನು ರಾಜ್ಯವು 2024ರ ಜೂನ್ 29ರಂದು ಪ್ರಕಟಿಸಿ ಜುಲೈ 9ರೊಳಗೆ ಅಭಿಪ್ರಾಯ ಕೊಡಿ ಎಂದಿತು. ಮಸೂದೆಯ ಆಶಯ ಬಹಳ ಒಳ್ಳೆಯದು, ಅದು ಮುಂದೆ ಕಾಯ್ದೆಯೂ ಆಯಿತು. ಆದರೆ ಬೆಳಗಿನಿಂದ ರಾತ್ರಿಯವರೆಗೆ ಬೈಕ್ ಮೇಲೆ ಊಟದ ಪೊಟ್ಟಣ ಹೊತ್ತು ತಿರುಗುವ ಹುಡುಗನಿಗೆ ಹತ್ತು ದಿನಗಳಲ್ಲಿ ಮಸೂದೆ ಓದಿ ಬರೆಯಲು ಬಿಡುವೆಲ್ಲಿ? ಕಂಪನಿಗಾದರೆ ಅದಕ್ಕೆಂದೇ ವಕೀಲರಿರುತ್ತಾರೆ. ಯಾರಿಗಾಗಿ ನಿಯಮವೋ ಅವರ ಬಿಡುವನ್ನು ನೋಡಿ ಅವಧಿಯನ್ನು ಗೊತ್ತುಪಡಿಸಬೇಕು. 30 ದಿನಗಳಿಗಿಂತ ಕಡಿಮೆ ಕೂಡದು.

ಎರಡನೆಯದು ಒಂದೇ ತಾಣ. ಈಗ ಒಂದು ಕರಡಿಗಾಗಿ ಇಲಾಖೆಯ ಪುಟ, ಇನ್ನೊಂದಕ್ಕೆ ರಾಜ್ಯಪತ್ರ, ಮತ್ತೊಂದಕ್ಕೆ ಪತ್ರಿಕೆಯ ಮೂಲೆಯ ಜಾಹೀರಾತು ಹುಡುಕಬೇಕು. ಎಲ್ಲ ಇಲಾಖೆಗಳ ಕರಡುಗಳು ಒಂದೆಡೆ ಯೂನಿಕೋಡ್ ಕನ್ನಡದಲ್ಲಿ, ಎರಡು ಪುಟದ ಸರಳ ಸಾರಾಂಶದೊಂದಿಗೆ, ಕೊನೆಯ ದಿನಾಂಕ ಎದ್ದು ಕಾಣುವಂತೆ ಇರಬೇಕು. ಹಳೆಯ ನಿಯಮ ಎಡಗಡೆ, ಹೊಸದು ಬಲಗಡೆ ಇದ್ದರೆ ಏನು ಬದಲಾಗುತ್ತಿದೆ ಎಂಬುದು ಹತ್ತನೆಯ ತರಗತಿ ಓದಿದವರಿಗೂ ತಿಳಿಯುತ್ತದೆ. ಬರೆಯುವ ಪೆಟ್ಟಿಗೆಯೂ ಕನ್ನಡಕ್ಕೆ ಹೊಂದಿರಬೇಕು. ನಾನೇ ಒಮ್ಮೆ ಒಂದು ಇಲಾಖೆಯ ತಾಣದಲ್ಲಿ ಕನ್ನಡದಲ್ಲಿ ಆಕ್ಷೇಪಣೆ ತುಂಬಲು ಹೋದೆ. ಎರಡು ಸಾವಿರ ಅಕ್ಷರಗಳ ಮಿತಿ ಎಂದಿದ್ದರೂ ಏಳುನೂರರ ಸುಮಾರಿಗೆ ಪೆಟ್ಟಿಗೆ ತುಂಬಿತೆಂದು ಕೆಂಪು ಸಾಲು ಬಂದಿತು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ತಂತ್ರಾಂಶ ಬರೆದವರು ಬೈಟ್‌ಗಳನ್ನು ಎಣಿಸುತ್ತಿದ್ದರು. ಕನ್ನಡದಲ್ಲಿ ಬರೆದವನ ಮಾತು ಮೂರನೇ ಒಂದು ಪಾಲಿಗೆ ಮೊಟಕಾಗುವುದನ್ನು ಅಲ್ಲಿ ಯಾರೂ ಪರೀಕ್ಷಿಸಿರಲಿಲ್ಲ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಉತ್ತರ. ಅಂತಿಮ ನಿಯಮದ ಜೊತೆಗೆ ಒಂದು ಕೋಷ್ಟಕ ಪ್ರಕಟವಾಗಬೇಕು: ಬಂದ ಆಕ್ಷೇಪಣೆಯ ಸಾರ, ಇಲಾಖೆಯ ನಿಲುವು, ಕಾರಣ. ಹತ್ತು ಸಾವಿರ ಪತ್ರ ಬಂದರೂ ಅವುಗಳಲ್ಲಿರುವ ಬೇರೆ ಬೇರೆ ವಾದಗಳು ಸಾಮಾನ್ಯವಾಗಿ ಮೂವತ್ತೋ ನಲವತ್ತೋ ಆಗಿರುತ್ತವೆ. ವಿದ್ಯುತ್ ಆಯೋಗಕ್ಕೆ ಸಾಧ್ಯವಾದದ್ದು ಕಂದಾಯ, ಸಾರಿಗೆ, ಕಾರ್ಮಿಕ ಇಲಾಖೆಗಳಿಗೆ ಏಕೆ ಸಾಧ್ಯವಾಗಬಾರದು? ಇದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. ಮುಖ್ಯ ಕಾರ್ಯದರ್ಶಿಯವರ ಒಂದು ಸುತ್ತೋಲೆಯಿಂದ ಆರಂಭಿಸಬಹುದು.

ವಿಧಾನಮಂಡಲದಲ್ಲಿ ಇಲಾಖೆಗಳು ಮಾಡುವ ನಿಯಮಗಳನ್ನು ಪರಿಶೀಲಿಸಲೆಂದೇ ಅಧೀನ ಶಾಸನ ರಚನಾ ಸಮಿತಿ ಇದೆ. ನಿಮ್ಮ ಕ್ಷೇತ್ರದ ಶಾಸಕರ ಮೂಲಕ ಆ ಸಮಿತಿಗೆ ಒಂದು ಪುಟದ ಪತ್ರ ಬರೆಯಿರಿ: ಇಂಥ ದಿನಾಂಕದ ಇಂಥ ಕರಡಿಗೆ ನಾನು ಆಕ್ಷೇಪಣೆ ಸಲ್ಲಿಸಿದ್ದೆ, ಅಂತಿಮ ನಿಯಮ ಬಂದಿದೆ, ನನ್ನ ಆಕ್ಷೇಪಣೆಗೆ ಇಲಾಖೆಯ ಉತ್ತರವನ್ನು ತರಿಸಿಕೊಡಿ. ಪತ್ರದ ಒಂದು ಪ್ರತಿಯನ್ನು, ಉತ್ತರ ಬಂದರೆ ಅದನ್ನೂ, ಈ ಅಂಕಣಕ್ಕೆ ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಎರಡನ್ನೂ ಅಕ್ಕಪಕ್ಕದಲ್ಲಿ ಅಚ್ಚು ಹಾಕುತ್ತೇವೆ.